ಜೋಳದ ರೊಟ್ಟಿ ಅಂಚು ಸೀಳುತ್ತಿದೆ, ಯಾರಾದರೂ ದಾರಿ ತೋರಿಸಿ

ಇಂಡಿ_ಲಿಂಬು:
ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯವನು. ಎರಡು ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಊರಲ್ಲಿದ್ದಾಗ ರೊಟ್ಟಿ ಅಂದರೆ ಬುಟ್ಟಿಯಲ್ಲಿ ಇರುವ ವಸ್ತು, ಅಷ್ಟೇ. ಕೈ ಹಾಕಿದರೆ ಸಿಗುತ್ತಿತ್ತು. ಯಾರು ಬಡಿದರು, ಎಷ್ಟು ಹೊತ್ತಿಗೆ ಎದ್ದರು ಅಂತ ಒಂದು ದಿನವೂ ಕೇಳಿದವನಲ್ಲ. ಈಗ ಅನುಭವಿಸುತ್ತಿದ್ದೇನೆ.

ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತೆ. ನಾಲ್ಕು ಭಾನುವಾರ ಪ್ರಯತ್ನಪಟ್ಟೆ. ನಾದುವಾಗ ಎಲ್ಲ ಸರಿ ಇರುತ್ತೆ. ಬಡಿಯಲು ಶುರು ಮಾಡಿ ಅಂಗೈ ಅಗಲಕ್ಕೆ ಬಂದರೆ ಸಾಕು, ಅಂಚೆಲ್ಲ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಡುತ್ತೆ. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಕಳೆದ ವಾರ ಹನ್ನೊಂದು ಉಂಡೆಯಲ್ಲಿ ಒಂದೂ ಗುಂಡಗೆ ಬರಲಿಲ್ಲ. ಒಂದು ಮಾತ್ರ ಕರ್ನಾಟಕದ ನಕ್ಷೆಯ ಹಾಗೆ ಬಂತು. ಅದರಲ್ಲೂ ಹೊರಳಿಸುವಾಗ ಬೀದರ್ ಉದುರಿಹೋಯಿತು.

ಅವ್ವನಿಗೆ ವಿಡಿಯೊ ಕಾಲ್ ಮಾಡಿ ಕೇಳಿದೆ. "ನೀರ ಎಷ್ಟ ಹಾಕಬೇಕವ್ವಾ?" "ಹಿಡಿಸಿದಷ್ಟ ಹಾಕಪಾ." "ಎಷ್ಟೊತ್ತ ನಾದಬೇಕು?" "ಸಾಕಾಗೂ ತನಕ." ಸಾಕಾಗಬೇಕಾದ್ದು ಹಿಟ್ಟಿಗಾ ನನಗಾ ಅಂತ ಕೇಳಿದ್ದಕ್ಕೆ ನಕ್ಕು ಫೋನ್ ಇಟ್ಟಳು.

ಇನ್ನೊಂದು ತೊಂದರೆ. ನನ್ನದು ಗಾಜಿನ ಹಲಗೆಯ ಎಲೆಕ್ಟ್ರಿಕ್ ಒಲೆ. ಉರಿ ಇಲ್ಲ. ರೊಟ್ಟಿ ಉಬ್ಬಿಸೋದು ಹೇಗೆ? ಗೋಧಿ ಹಿಟ್ಟು ಬೆರೆಸು ಅಂತ ಗೆಳೆಯನೊಬ್ಬ ಹೇಳಿದ. ಮನಸ್ಸು ಒಪ್ಪಲಿಲ್ಲ.

ಮುದ್ದೆ_ಮಂಜ:
ಬಿಡಿ ಸಾರ್ ಅತ್ಲಾಗೆ. ರಾಗಿ ಹಿಟ್ಟು ತಗೊಂಡು ಮುದ್ದೆ ಮಾಡಿ. ಬಡಿಯೋದೂ ಇಲ್ಲ, ಉಬ್ಬಿಸೋದೂ ಇಲ್ಲ. ಹಲ್ಲಿಗೂ ರಜ.

ಕಟಕ್_ರೊಟ್ಟಿ:
ಶುರುವಾಯ್ತು. ರೊಟ್ಟಿ ಬಗ್ಗೆ ಕೇಳಿದರೆ ಮೊದಲ ಉತ್ತರಕ್ಕೇ ಮುದ್ದೆ.

ಘಟ್ಟದ_ಕೆಳಗಿನವಳು:
ನೀರುದೋಸೆ ಇರುವಾಗ ಇಷ್ಟೆಲ್ಲ ಕಷ್ಟ ಯಾಕೆ ಮಾರಾಯ್ರೆ? ಅಕ್ಕಿ ನೆನೆಸಿ, ರುಬ್ಬಿ, ಹೊಯ್ಯಿರಿ, ಮುಗಿಯಿತು.

ಹಂಚಿನ_ಮುಂದೆ:
ತಮ್ಮಾ, ಇವರ ಮಾತು ಬಿಡು. ನಾನು ಬಾಗಲಕೋಟೆಯವಳು, ಇಪ್ಪತ್ತೆರಡು ವರ್ಷದಿಂದ ದಿನಾ ರೊಟ್ಟಿ ಬಡಿಯುತ್ತಿದ್ದೇನೆ. ಹೇಳಿದ ಹಾಗೆ ಮಾಡು.

ಮೊದಲು ಎಸರು ಇಡು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು, ಹಿಟ್ಟು ಬೇಡಿದರೆ ಇನ್ನೊಂದು ಸ್ವಲ್ಪ. ಚಿಟಿಕೆ ಉಪ್ಪು ಹಾಕಿದರೂ ಆಯಿತು, ಬಿಟ್ಟರೂ ಆಯಿತು. ನೀರು ಕೊತಕೊತ ಕುದಿಯಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ ಅದರೊಳಗೆ ಸುರಿ. ಸೌಟಿನ ಹಿಡಿಯಿಂದ ಕಲಸು, ಕೈ ಹಾಕಬೇಡ. ಐದು ನಿಮಿಷ ಮುಚ್ಚಿಡು. ಆಮೇಲೆ ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈ ಬುಡದಿಂದ ಮುಂದಕ್ಕೆ ಉಜ್ಜಿ ಉಜ್ಜಿ ನಾದು. ಚಪಾತಿ ಹಿಟ್ಟಿನ ಹಾಗೆ ಗುದ್ದಬೇಡ. ಮತ್ತೆ, ಎಲ್ಲ ಹಿಟ್ಟನ್ನೂ ಒಂದೇ ಸಲ ನಾದಿ ಉಂಡೆ ಮಾಡಿ ಸಾಲಾಗಿ ಜೋಡಿಸಬೇಡ. ಒಂದು ರೊಟ್ಟಿಗೆ ಬೇಕಾದಷ್ಟು ಮುರಿದುಕೋ, ನೀರು ಚಿಮುಕಿಸಿ ಇನ್ನೊಂದು ಸಲ ನಾದು, ಆಗಲೇ ಬಡಿ. ನೀನು ಹನ್ನೊಂದು ಉಂಡೆ ಮಾಡಿಟ್ಟೆ ನೋಡು, ಕೊನೆಯದಕ್ಕೆ ಬರುವಷ್ಟರಲ್ಲಿ ಅದು ಒಣಗಿ ಕಲ್ಲಾಗಿರುತ್ತೆ.

ಬಡಿಯುವಾಗ ಕೆಳಗೆ ಒಣಹಿಟ್ಟು ಉದುರಿಸು. ಬಲಗೈ ಬಡಿಯಬೇಕು, ಎಡಗೈ ಅಂಚು ಕಾಯಬೇಕು. ಬಡಿತಕ್ಕೆ ರೊಟ್ಟಿ ತಾನೇ ತಿರುಗಬೇಕು, ನೀನು ತಿರುಗಿಸುವುದಲ್ಲ. ಅದು ತಿರುಗದೆ ಕೂತರೆ ಕೆಳಗೆ ಹಿಟ್ಟು ಕಡಿಮೆ ಅಂತ ಅರ್ಥ.

ಹಂಚಿಗೆ ಹಾಕುವಾಗ ಒಣಹಿಟ್ಟು ಅಂಟಿದ ಮಗ್ಗುಲು ಮೇಲೆ ಬರಲಿ. ಕೂಡಲೇ ಒದ್ದೆ ಅರಿವೆಯಿಂದ ಅದರ ಮೇಲೆ ನೀರು ಸವರು. ಆ ನೀರು ಇನ್ನೇನು ಆರುತ್ತೆ ಅನ್ನುವಾಗ ಹೊರಳಿಸು. ಬೇಗ ಹೊರಳಿಸಿದರೆ ಹಂಚಿಗೆ ಹತ್ತುತ್ತೆ, ತಡ ಮಾಡಿದರೆ ಮೇಲೆ ಬಿರುಕು. ಯಾಕೆ ಅಂತ ಕೇಳಬೇಡ. ನಮ್ಮ ಅತ್ತೆ ಹೇಳಿದ್ದು, ನಾನು ಮಾಡಿದ್ದು.

ಅಡುಗೆಮನೆ_ಪ್ರಯೋಗ:
ಯಾಕೆ ಅಂತ ನಾನು ಹೇಳುತ್ತೇನೆ. ಗೋಧಿಯಲ್ಲಿ ಗ್ಲುಟೆನ್ ಇದೆ. ನೀರು ಹಾಕಿ ನಾದಿದರೆ ಅದು ರಬ್ಬರಿನ ಹಾಗೆ ಹಿಟ್ಟನ್ನು ಹಿಡಿದಿಡುತ್ತೆ. ಜೋಳದ ಪ್ರೋಟೀನ್ ಬೇರೆ ಥರದ್ದು, ಎಷ್ಟು ನಾದಿದರೂ ಎಳೆ ಕಟ್ಟಲ್ಲ. ಹಾಗಾಗಿ ಅಂಟು ಬರಬೇಕಾದ್ದು ಪಿಷ್ಟದಿಂದ. ಪಿಷ್ಟ ನೀರು ಕುಡಿದು ಉಬ್ಬಿ ಗಂಜಿಯ ಹಾಗೆ ಆಗಬೇಕಾದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುದಿಯುವ ನೀರಾದರೂ ತಣ್ಣಗಿನ ಹಿಟ್ಟಿಗೆ ಬಿದ್ದ ಕೂಡಲೇ ಶಾಖ ಇಳಿಯುತ್ತೆ. ಬರೀ ಬಿಸಿ ನೀರಾದರೆ ಆ ಗಡಿ ಮುಟ್ಟುವುದೇ ಇಲ್ಲ. ಅಂಟು ಬರದ ಹಿಟ್ಟು ಅಂಚಲ್ಲಿ ಸೀಳುತ್ತೆ.

ಮೇಲೆ ನೀರು ಸವರುವುದೂ ಇದಕ್ಕೇ. ಒಣಹಿಟ್ಟು ಒದ್ದೆಯಾಗಿ ಆವಿಗೆ ಬೆಂದು ಒಂದು ಪೊರೆ ಆಗುತ್ತೆ. ಆ ಪೊರೆ ಇದ್ದರೆ ಒಳಗಿನ ಆವಿ ಹೊರಗೆ ಹೋಗದೆ ರೊಟ್ಟಿ ಉಬ್ಬುತ್ತೆ.

ಇಂಡಿ_ಲಿಂಬು:
ಅಕ್ಕಾರ, ಪ್ರಯೋಗದವರ, ಇಬ್ಬರಿಗೂ ಶರಣು. ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನು ಬಿಸಿ ನೀರು ಹಾಕಿದ್ದೆ ನಿಜ, ಆದರೆ ಅದು ನಲ್ಲಿಯ ಬಿಸಿ ನೀರು.

ಹಂಚಿನ_ಮುಂದೆ:
ನಲ್ಲಿ ನೀರಾ! ಅದರಲ್ಲಿ ಮುಖ ತೊಳಕೋ ತಮ್ಮಾ.

ಮುದ್ದೆ_ಮಂಜ:
ಕುದಿಯೋ ನೀರು, ಅದಕ್ಕೆ ಹಿಟ್ಟು, ಕೋಲಲ್ಲಿ ತಿರುವೋದು, ಮುಚ್ಚಿಡೋದು... ಇದೇ ಮುದ್ದೆ ಅಲ್ವಾ? ನೀವು ಮುದ್ದೆ ಮಾಡಿ ಆಮೇಲೆ ಅದನ್ನ ಹೊಡೀತೀರ. ಪಾಪ.

ಮಲೆನಾಡ_ಹುಡುಗ:
ನಮ್ಮ ಕಡೆ ಅಕ್ಕಿ ರೊಟ್ಟಿಗೂ ಇದೇ ಲೆಕ್ಕ. ನೀರು ಕುದಿಸಿ ಅದಕ್ಕೇ ಅಕ್ಕಿ ಹಿಟ್ಟು ಹಾಕಿ ಉಕ್ಕರಿಸಿ, ಆಮೇಲೆ ನಾದಿ ಲಟ್ಟಿಸುತ್ತಾರೆ. ಬೆಂಗಳೂರಿನ ಹೋಟೆಲುಗಳಲ್ಲಿ ಈರುಳ್ಳಿ, ಕ್ಯಾರೆಟ್ ಹಾಕಿ ಬಾಳೆ ಎಲೆ ಮೇಲೆ ತಟ್ಟುವ ಅಕ್ಕಿ ರೊಟ್ಟಿಯೇ ಬೇರೆ, ನಮ್ಮ ಬಿಳಿ ಉಬ್ಬು ರೊಟ್ಟಿಯೇ ಬೇರೆ. ಕೊಡಗಿನವರು ಹಿಟ್ಟಿನ ಜೊತೆ ಅನ್ನ ಹಾಕಿ ನಾದುತ್ತಾರೆ. ಜೋಳದ ಹಿಟ್ಟಿಗೂ ಒಂದು ಹಿಡಿ ಮೆತ್ತಗಿನ ಅನ್ನ ಹಾಕಿ ನೋಡಬಹುದೇನೋ.

ಕಟಕ್_ರೊಟ್ಟಿ:
ಗೋಧಿ ಬೇಡ ಅಂದವರು ಅನ್ನ ಹಾಕುತ್ತಾರಾ? ಕಲಬೆರಕೆ ಕಲಬೆರಕೆಯೇ.

ಮಲೆನಾಡ_ಹುಡುಗ:
ಹೊಟ್ಟೆಗೆ ಹೋದ ಮೇಲೆ ಎಲ್ಲ ಕಲಬೆರಕೆಯೇ ಗುರು.

ಗಡಿ_ಭಾಗದವ:
ನಾನು ಸೊಲ್ಲಾಪುರದ ಕನ್ನಡಿಗ. ಎಲ್ಲರೂ ನೀರಿನ ಬಗ್ಗೆ ಮಾತಾಡುತ್ತಿದ್ದೀರಿ, ಹಿಟ್ಟು ಯಾವುದು ಅಂತ ಯಾರೂ ಕೇಳಲಿಲ್ಲ. ಮುಂಗಾರಿ ಜೋಳ ಬೇರೆ, ಹಿಂಗಾರಿ ಜೋಳ ಬೇರೆ. ಮುಂಗಾರಿ ಹೈಬ್ರಿಡ್ ಜೋಳಕ್ಕೆ ತೆನೆ ಕಟ್ಟುವ ಹೊತ್ತಿಗೆ ಮಳೆ ಬಡಿದು ಕಾಳು ಕಪ್ಪಾಗುವುದುಂಟು. ಹಿಂಗಾರಿಯದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರೆ ಭೂಮಿಗೆ ಬಿತ್ತಿದ್ದು. ಮಣ್ಣಿನ ಹಸಿ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಬೆಳೆಯುತ್ತೆ. ಕಾಳು ಮುತ್ತಿನ ಹಾಗೆ ಇರುತ್ತೆ. ಮಾಲ್ದಂಡಿ ಅನ್ನುತ್ತೇವಲ್ಲ, ಅದು. ಎಂ 35-1 ಅನ್ನುವ ಹೆಸರಾಂತ ತಳಿಯನ್ನೂ ನಮ್ಮ ಕಡೆಯ ಮಾಲ್ದಂಡಿಯಿಂದಲೇ ಆರಿಸಿದ್ದು. ನಮ್ಮ ಜಿಲ್ಲೆಯ ಮಂಗಳವೇಡೆ ಜೋಳಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇದ್ದ ಊರು ಅದೇ.

ಪ್ಯಾಕೆಟ್ ಹಿಟ್ಟಲ್ಲಿ ಯಾವ ಜೋಳ ಇದೆಯೋ ಹೇಳಲಾಗದು. ಹಿಟ್ಟು ಹಳೆಯದಾದರಂತೂ ಜಿಗಿ ಹೋಗಿಬಿಡುತ್ತೆ. ನಮ್ಮ ಮನೆಯಲ್ಲಿ ಎಂಟು ಹತ್ತು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸುತ್ತಾರೆ. ಚಿಟಿಕೆ ಹಿಟ್ಟನ್ನು ನಾಲಿಗೆ ಮೇಲೆ ಇಟ್ಟು ನೋಡಿ. ಕಹಿ ಇದ್ದರೆ ಅದು ಮುಗಿದ ಕಥೆ. ಅದರಿಂದ ಭಕ್ರಿ ಆಗಲ್ಲ.

ಕಟಕ್_ರೊಟ್ಟಿ:
ಎಲ್ಲ ಚೆನ್ನಾಗಿ ಹೇಳಿ ಕೊನೆಗೆ ಭಕ್ರಿ ಅಂದುಬಿಟ್ಟಿರಿ. ಭಕ್ರಿ ದಪ್ಪ, ರೊಟ್ಟಿ ತೆಳು. ಎರಡೂ ಒಂದೇ ಅಲ್ಲ.

ಗಡಿ_ಭಾಗದವ:
ನಮ್ಮ ಅವ್ವ ಕನ್ನಡದಲ್ಲಿ ಮಾತಾಡುವಾಗ ರೊಟ್ಟಿ ಮಾಡುತ್ತಾಳೆ, ಪಕ್ಕದ ಮನೆಯವರ ಜೊತೆ ಮರಾಠಿಯಲ್ಲಿ ಮಾತಾಡುವಾಗ ಭಕ್ರಿ ಮಾಡುತ್ತಾಳೆ. ಹಂಚು ಒಂದೇ, ಕೈ ಒಂದೇ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅದೇ ಜೊನ್ನ ರೊಟ್ಟೆ. ದಪ್ಪ ತೆಳುವು ಬಡಿಯುವವರ ತಾಳ್ಮೆಗೆ ಬಿಟ್ಟದ್ದು.

ಅಡುಗೆಮನೆ_ಪ್ರಯೋಗ:
ಕಹಿ ಬಗ್ಗೆ ಹೇಳಿದ್ದು ಸರಿ. ಜೋಳದ ಕಾಳಿನ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಗಲಿ ಕೆಡುತ್ತೆ. ಇಡೀ ಕಾಳು ತಿಂಗಳುಗಟ್ಟಲೆ ಇರುತ್ತೆ, ಹಿಟ್ಟು ಇರಲ್ಲ. ಲಿಂಬು ಅವರೇ, ಜರ್ಮನಿಯಲ್ಲಿ ಬ್ರೆಡ್‌ಗೆ ಮನೆಯಲ್ಲೇ ಹಿಟ್ಟು ಬೀಸಿಕೊಳ್ಳುವವರು ಇದ್ದಾರೆ. ಮೇಜಿನ ಮೇಲೆ ಇಡುವ ಪುಟ್ಟ ಕಲ್ಲಿನ ಗಿರಣಿ ಸಿಗುತ್ತೆ. ಯಾರ ಹತ್ತಿರವಾದರೂ ಇದೆಯಾ ಕೇಳಿ. ಇಂಡಿಯನ್ ಅಂಗಡಿಯಲ್ಲಿ ಇಡೀ ಜೋಳ ಇದ್ದರೆ ಅದನ್ನೇ ತನ್ನಿ.

ನಿವೃತ್ತ_ಮೇಷ್ಟ್ರು:
ಹಿಟ್ಟಿನ ವಿಷಯ ಬಂತು, ನನಗೆ ಹಗೇವು ನೆನಪಾಯಿತು. ಇಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ. ನೆಲದೊಳಗೆ ಗುಂಡಿ ತೋಡಿ, ಸುತ್ತ ಹುಲ್ಲು ಹೊದಿಸಿ ಜೋಳ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಬರಗಾಲ ಬಂದರೂ ಮನೆಯಲ್ಲಿ ಜೋಳ ಇರುತ್ತಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಅಂಗಳದಲ್ಲೇ ಒಂದಿತ್ತು. ಅದರ ಮೇಲೆ ಗೋಲಿ ಆಡುತ್ತಿದ್ದೆವು.

ತೆಗೆಯುವ ದಿನ ದೊಡ್ಡವರು ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಬಾಯಿ ತೆರೆದು ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರಿದ್ದಾರೆ. ಗೋಡೆಯ ಪಕ್ಕದ ಜೋಳಕ್ಕೆ ಮುಗ್ಗು ವಾಸನೆ ಬಂದಿರುತ್ತಿತ್ತು. ಆ ರೊಟ್ಟಿ ನಮ್ಮಜ್ಜನಿಗೆ ಇಷ್ಟ. "ಹಗೇವಿನ ರೊಟ್ಟಿ" ಅಂತ ಕೇಳಿ ಉಣ್ಣುತ್ತಿದ್ದರು. ನಮಗೆ ಮೂಗು ಮುಚ್ಚಿಕೊಳ್ಳುವಂತಾಗುತ್ತಿತ್ತು.

ಹಳಗನ್ನಡದಲ್ಲಿ "ಜೋಳದ ಪಾಳಿ" ಅಂತ ಒಂದು ಮಾತಿದೆ. ಅನ್ನ ಹಾಕಿದ ಒಡೆಯನ ಋಣ ಅಂತ ಅರ್ಥ. ನಾವು ಉಪ್ಪಿನ ಋಣ ಅನ್ನುತ್ತೇವಲ್ಲ, ಹಾಗೆ. ಅಕ್ಕಿಯ ಪಾಳಿ ಅಂತ ಇಲ್ಲ ನೋಡಿ.

ಮುದ್ದೆ_ಮಂಜ:
ರಾಗಿ ಪಾಳಿ?

ನಿವೃತ್ತ_ಮೇಷ್ಟ್ರು:
ಅದೂ ಇಲ್ಲ ಮಂಜಣ್ಣ.

ಮುದ್ದೆ_ಮಂಜ:
ಪಾಳಿ ಇಲ್ಲದಿದ್ದರೇನಂತೆ ಮೇಷ್ಟ್ರೇ, ಗಾದೆ ಇದೆ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ. ರಾಗಿ ತಿಂದವ ನಿರೋಗಿ.

ಕಟಕ್_ರೊಟ್ಟಿ:
ಆ ಗಾದೆ ಪೂರ್ತಿ ಹೇಳಿ ಸ್ವಾಮಿ. ಅಕ್ಕಿ ತಿಂದವ ಹಕ್ಕಿ, ರಾಗಿ ತಿಂದವ ನಿರೋಗಿ, ಜೋಳ ತಿಂದವ ತೋಳ. ತೋಳದ ಮುಂದೆ ನಿರೋಗಿ ಏನು ಮಾಡುತ್ತಾನೆ?

ಘಟ್ಟದ_ಕೆಳಗಿನವಳು:
ಹಕ್ಕಿ ಹಾರಿ ಹೋಗುತ್ತೆ. ನೀವಿಬ್ಬರೂ ಕೆಳಗೆ ಜಗಳ ಆಡಿಕೊಂಡಿರಿ.

ಬಾಡಿಗೆಮನೆ_ಬ್ಯಾಚುಲರ್:
ನಾನು ಚಾಮರಾಜನಗರದವನು. ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗುವವರೆಗೆ ಜೋಳದ ರೊಟ್ಟಿ ಕಂಡವನಲ್ಲ. ಮೊದಲ ದಿನ ಖಾನಾವಳಿಯಲ್ಲಿ ತಟ್ಟೆ ಬಂತು. ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ (ಕಡಲೆಕಾಯಿ ಚಟ್ನಿಪುಡಿ), ಮೇಲೊಂದು ಚಮಚ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯೆ ಸೊಪ್ಪಿನ ಎರಡು ಕಡ್ಡಿ. ಸೊಪ್ಪು ಅಲಂಕಾರಕ್ಕೆ ಅಂದುಕೊಂಡು ಪಕ್ಕಕ್ಕೆ ಇಟ್ಟೆ. ಎದುರಿಗೆ ಕೂತಿದ್ದ ಹಿರಿಯರು ಕೇಳದೆಯೇ ನನ್ನ ತಟ್ಟೆಯ ಸೊಪ್ಪು ಎತ್ತಿ, ರೊಟ್ಟಿ ತುಂಡಿನಲ್ಲಿ ಹಿಂಡಿ ಮೊಸರು ಸೇರಿಸಿ, "ಹಿಂಗ ತಿನ್ನರಿ" ಅಂತ ನನ್ನ ಕೈಗೇ ಇಟ್ಟರು. ಖಾರಕ್ಕೆ ಕಣ್ಣಲ್ಲಿ ನೀರು. ಅವರು "ಇನ್ನ ಸ್ವಲ್ಪ ಮೊಸರ ತರ್‍ರೀ" ಅಂತ ಒಳಗೆ ಕೂಗಿದರು. ನನ್ನ ಬಿಲ್ಲಿಗಲ್ಲ, ಸುಮ್ನೆ. ಮೊಸರಿಗೆ ದುಡ್ಡು ತಗೊಳ್ಳಲಿಲ್ಲ.

ಈಗ ಬೆಂಗಳೂರಲ್ಲಿದ್ದೇನೆ. ವಾರಕ್ಕೊಮ್ಮೆ ಖಾನಾವಳಿ ಹುಡುಕಿಕೊಂಡು ಹೋಗುತ್ತೇನೆ. ಊರಿಗೆ ಹೋಗಿ ಮುದ್ದೆ ತಿಂದಾಗಲೂ ಪಕ್ಕಕ್ಕೆ ಶೇಂಗಾ ಹಿಂಡಿ ಕೇಳುತ್ತೇನೆ ಅಂತ ಅಮ್ಮನಿಗೆ ಬೇಜಾರು.

ಮುದ್ದೆ_ಮಂಜ:
ದ್ರೋಹಿ.

ಮೈಸೂರಿನ_ಸುಮಾ:
ಎಣಗಾಯಿ ಅಂದಿರಲ್ಲ, ನಮ್ಮಲ್ಲೂ ಎಣ್ಣೆಗಾಯಿ ಮಾಡುತ್ತೇವೆ. ಕೊಬ್ಬರಿ, ಧನಿಯ, ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ ಹುರಿದು ಪುಡಿ ಮಾಡಿ ತುಂಬುತ್ತೇವೆ. ಅದಕ್ಕೂ ರೊಟ್ಟಿ ಚೆನ್ನಾಗಿ ಹೊಂದುತ್ತೆ.

ಹಂಚಿನ_ಮುಂದೆ:
ಅದು ಚೆನ್ನಾಗಿರುತ್ತೆ, ಸುಳ್ಳು ಹೇಳಲ್ಲ. ಆದರೆ ರೊಟ್ಟಿಗೆ ಬೇಕಾದ್ದು ಶೇಂಗಾ, ಎಳ್ಳು, ಗುರೆಳ್ಳು ಹುರಿದು ಕುಟ್ಟಿದ ಪುಡಿ. ಹುಣಸೆ, ಬೆಲ್ಲ, ಖಾರಪುಡಿ, ಬಳ್ಳೊಳ್ಳಿ. ಮುಳ್ಳುಗಾಯಿ (ಬದನೆಕಾಯಿ) ಎಳೆಯದು ಇರಬೇಕು, ತೊಟ್ಟು ತೆಗೆಯಬಾರದು. ತೊಟ್ಟು ಹಿಡಿದು ಚೀಪುವುದೇ ರುಚಿ. ಬೇಳೆ ಹುರಿದು ಹಾಕಿದರೆ ಅನ್ನಕ್ಕೆ ಆಯಿತು, ರೊಟ್ಟಿಗೆ ಎಣ್ಣೆ ಬಿಡುವ ಗೊಜ್ಜು ಬೇಕು.

ಮೈಸೂರಿನ_ಸುಮಾ:
ಗುರೆಳ್ಳು ಅಂದರೆ ಹುಚ್ಚೆಳ್ಳು ಅಲ್ವಾ?

ಹಂಚಿನ_ಮುಂದೆ:
ಹೌದು, ಅದೇ. ಹೆಸರು ಬೇರೆ, ಹುಚ್ಚು ಒಂದೇ.

ಬೀದರ್_ಕೋಟೆ:
ಬೀದರ್ ಉದುರಿಹೋಯಿತು ಅಂದವರನ್ನು ಹುಡುಕಿಕೊಂಡು ಬಂದೆ.

ಬಂದಿದ್ದೇನಲ್ಲ, ಒಂದು ಮಾತು ಹೇಳಿ ಹೋಗುತ್ತೇನೆ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಿ, ಉಣ್ಣುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಹಾಕಿದ ಭಜ್ಜಿ, ಜೋಳದ ಅಂಬಲಿ. ಸುತ್ತ ಎದೆ ಮಟ್ಟ ನಿಂತ ಜೋಳ. ಅದರ ನಡುವೆ ಕೂತು ಅದನ್ನೇ ಉಣ್ಣುವುದು. ಮುಂದೆ ಸೀತನಿ ಕಾಲ. ಹಾಲುಗಾಳಿನ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಬೆಲ್ಲ ಅಥವಾ ಶೇಂಗಾ ಹಿಂಡಿ ಜೊತೆ. ಅದನ್ನು ಪ್ಯಾಕೆಟ್‌ನಲ್ಲಿ ಕಳಿಸಲಾಗಲ್ಲ. ಮರುದಿನಕ್ಕೆ ರುಚಿ ಇರಲ್ಲ.

ಇಂಡಿ_ಲಿಂಬು:
ಬೀದರಿನವರ ಕ್ಷಮೆ ಕೇಳುತ್ತೇನೆ. ಸೀತನಿ ನೆನಪು ಮಾಡಿ ಸರಿಯಾಗೇ ಸೇಡು ತೀರಿಸಿಕೊಂಡಿರಿ.

ಗವಿಮಠ_ಭಕ್ತ:
ರೊಟ್ಟಿ ಅಂದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನೋಡಬೇಕು. ಮಹಾದಾಸೋಹಕ್ಕೆ ಸುತ್ತಲ ಹಳ್ಳಿಯ ಹೆಂಗಸರು ಮನೆ ಮನೆಯಲ್ಲಿ ಬಡಿದು, ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ತುಂಬಿಸಿ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ಗೋಡೆ ಕಟ್ಟಿದ ಹಾಗೆ ಒಟ್ಟಿರುತ್ತಾರೆ. ಗದಗ ಜಿಲ್ಲೆಯ ಡಂಬಳದಲ್ಲಂತೂ ಹೆಸರೇ ರೊಟ್ಟಿ ಜಾತ್ರೆ. ಅಲ್ಲಿನ ಕರಿಂಡಿ ಚಟ್ನಿ ತಿಂದವರು ಮರೆಯಲ್ಲ.

ಶುಗರ್_ಶಂಕ್ರಣ್ಣ:
ಜೋಳ ತಿಂದರೆ ಶುಗರ್ ಬರುವುದೇ ಇಲ್ಲ. ನಮ್ಮ ಕಡೆ ಹಿಂದೆ ಯಾರಿಗೂ ಇರಲಿಲ್ಲ. ಎಲ್ಲರೂ ಅನ್ನ ಬಿಟ್ಟು ರೊಟ್ಟಿಗೆ ಬನ್ನಿ.

ಅಡುಗೆಮನೆ_ಪ್ರಯೋಗ:
ಹಾಗೆ ಹೇಳಬೇಡಿ ಸರ್. ಜೋಳದಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನಾರು ಜಾಸ್ತಿ ಇದೆ, ಬಿಳಿ ಅನ್ನಕ್ಕಿಂತ ನಿಧಾನವಾಗಿ ಅರಗುತ್ತೆ, ಅದು ಒಳ್ಳೆಯದೇ. ಆದರೆ ಆರು ರೊಟ್ಟಿ ತಿಂದರೆ ಸಕ್ಕರೆ ಏರುತ್ತೆ. ಹಿಂದಿನವರು ರೊಟ್ಟಿ ತಿಂದು ಬಿಸಿಲಲ್ಲಿ ಹೊಲ ಮಾಡಿದರು. ನಾವು ರೊಟ್ಟಿ ತಿಂದು ಹೀಗೆ ಟೈಪ್ ಮಾಡುತ್ತೇವೆ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿದ ಮೇಲೆ ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನುವ ಮಾತು ಜಾಸ್ತಿಯಾಗಿದೆ. ಮಾತ್ರೆ ಮಾತ್ರ ಬಿಡಬೇಡಿ.

ಶುಗರ್_ಶಂಕ್ರಣ್ಣ:
ಮಾತ್ರೆ ಬಿಟ್ಟಿಲ್ಲಪ್ಪ. ನಾನು ಅಷ್ಟು ದಡ್ಡನಲ್ಲ. ರೊಟ್ಟಿ ಜೊತೆ ಸಿಹಿ ಹುಗ್ಗಿ ಬಿಡೋಕೆ ಆಗುತ್ತಿಲ್ಲ, ಅದೇ ತೊಂದರೆ.

ಲಗೇಜ್_ರಾಣಿ:
ಲಿಂಬು ಅವರೇ, ಬಡಿಯುವುದು ಕಲಿಯುವ ತನಕ ಊರಿಂದ ಒಣಗಿದ ಗರಿಗರಿ ಕಟಕ್ ರೊಟ್ಟಿ ತರಿಸಿಕೊಳ್ಳಿ. ತಿಂಗಳುಗಟ್ಟಲೆ ಕೆಡಲ್ಲ. ನಾನು ದುಬೈನಲ್ಲಿದ್ದೇನೆ, ಪ್ರತಿ ಸಲ 50 ರೊಟ್ಟಿ ತರುತ್ತೇನೆ. ಮೊದಲ ಸಲ ಸೂಟ್‌ಕೇಸಿನಲ್ಲಿ ಹಾಗೇ ಇಟ್ಟು ತಂದೆ, ತೆಗೆದಾಗ ರವೆ ಆಗಿತ್ತು. ಅದಕ್ಕೂ ಉಪಾಯ ಇದೆ. ಪುಡಿಯಾದ ರೊಟ್ಟಿಗೆ ಮೊಸರು, ಒಗ್ಗರಣೆ ಹಾಕಿ ಮುಟಗಿ ಥರ ಕಲಸಿ ತಿಂದೆವು. ಈಗ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ, ನಡುನಡುವೆ ಹತ್ತಿ ಸೀರೆ ತುಂಡು ಇಟ್ಟು, ಡಬ್ಬಿ ಅಲುಗಾಡದ ಹಾಗೆ ಸುತ್ತ ಬಟ್ಟೆ ತುರುಕಿ ತರುತ್ತೇನೆ. ಐವತ್ತರಲ್ಲಿ ಮೂರೋ ನಾಲ್ಕೋ ಮುರಿಯುತ್ತವೆ.

ಕಟಕ್_ರೊಟ್ಟಿ:
ಮುಟಗಿ ಅಂದರೆ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಮಾಡುವುದು. ನೀವು ಮಾಡಿದ್ದು ಬೇರೆ ಏನೋ.

ಲಗೇಜ್_ರಾಣಿ:
"ಥರ" ಅಂದೆನಲ್ಲ. ಹಸಿದಿದ್ದೆವು ಸ್ವಾಮಿ.

ಗಡಿ_ಭಾಗದವ:
ಉರಿ ಇಲ್ಲದ ಒಲೆ ಬಗ್ಗೆ ಯಾರೂ ಹೇಳಲಿಲ್ಲ. ಉರಿ ಬೇಕೇ ಬೇಕು ಅಂತಿಲ್ಲ. ದಪ್ಪ ಕಬ್ಬಿಣದ ಹಂಚು ತಗೊಳ್ಳಿ, ಚೆನ್ನಾಗಿ ಕಾಯಲಿ. ಎರಡೂ ಮಗ್ಗುಲು ಬೆಂದ ಮೇಲೆ ಅರಿವೆ ಮುದ್ದೆ ಮಾಡಿ ಅಂಚನ್ನು ಒತ್ತುತ್ತಾ ಬನ್ನಿ. ಒಂದು ಕಡೆ ಒತ್ತಿದರೆ ಆವಿ ಇನ್ನೊಂದು ಕಡೆ ನುಗ್ಗುತ್ತೆ. ನಿಧಾನಕ್ಕೆ ಇಡೀ ರೊಟ್ಟಿ ಏಳುತ್ತೆ. ಗಾಜಿನ ಮೇಲೆ ಹಂಚನ್ನು ಎಳೆದಾಡಬೇಡಿ, ಗೀರು ಬೀಳುತ್ತೆ.

ಮುದ್ದೆ_ಮಂಜ:
"ಅರಿವೆ ಮುದ್ದೆ." ಮುದ್ದೆ ಇಲ್ಲದೆ ರೊಟ್ಟಿಯೂ ಏಳಲ್ಲ ಅಂತ ಆಯ್ತು.

ಇಂಡಿ_ಲಿಂಬು:
ಹತ್ತು ದಿನದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಮೊದಲು ಹಿಟ್ಟನ್ನು ನಾಲಿಗೆ ಮೇಲೆ ಇಟ್ಟೆ. ಕಹಿ. ಪ್ಯಾಕೆಟ್ ತಿರುಗಿಸಿದರೆ ಬೀಸಿ ಏಳು ತಿಂಗಳಾಗಿದೆ. ಅಂಗಡಿಯಲ್ಲಿ ಇಡೀ ಜೋಳ ಸಿಕ್ಕಿತು, ಎರಡು ಕಿಲೋ ತಂದೆ. ನನ್ನ ಜೊತೆ ಕೆಲಸ ಮಾಡುವವಳ ಮನೆಯಲ್ಲಿ ಪುಟ್ಟ ಗಿರಣಿ ಇತ್ತು. ಅವಳಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟುವಂತಿಲ್ಲ. ಹಾಗಾಗಿ ಆ ಗಿರಣಿಯಲ್ಲಿ ಗೋಧಿ ಬೀಸಿಯೇ ಇಲ್ಲ. ಹಿಟ್ಟು ಬೀಳುವಾಗ ಬಂದ ವಾಸನೆಗೆ ನಾನು ಒಂದು ನಿಮಿಷ ಮಾತೇ ಆಡಲಿಲ್ಲ. ನಮ್ಮ ಊರ ಗಿರಣಿಯಲ್ಲಿ ಡಬ್ಬಿ ಹಿಡಿದು ಪಾಳಿಗೆ ನಿಂತಾಗಿನ ವಾಸನೆ. ಮೈ ಮೇಲೆಲ್ಲ ಹಿಟ್ಟು ಕೂತು ಕಣ್ರೆಪ್ಪೆ ಬೆಳ್ಳಗಾದ ಗಿರಣಿಯವರು ನೆನಪಾದರು.

ಭಾನುವಾರ ಬೆಳಿಗ್ಗೆ ಎಸರಿಟ್ಟೆ. ಅಕ್ಕ ಹೇಳಿದ ಹಾಗೇ ಎಲ್ಲ. ಮೊದಲನೆಯದು ಹೋಯಿತು. ಎರಡನೆಯದು ಹಂಚಿನವರೆಗೆ ಹೋಗಿ ಹೋಯಿತು. ಮೂರನೆಯದು ಬಡಿಯುವಾಗ ತಾನೇ ತಿರುಗಿತು ನೋಡಿ. ಅರ್ಧ ಸುತ್ತು, ಇನ್ನರ್ಧ ಸುತ್ತು. ಕೈ ನಿಲ್ಲಿಸಲು ಮನಸ್ಸಾಗಲಿಲ್ಲ, ಬಡಿಯುತ್ತಲೇ ಇದ್ದೆ. ಹಂಚಿಗೆ ಹಾಕಿ, ನೀರು ಸವರಿ, ಹೊರಳಿಸಿ, ಅರಿವೆಯಿಂದ ಒತ್ತಿದೆ. ಒಂದು ಮೂಲೆಯಲ್ಲಿ ಪುಸಕ್ಕನೆ ಎದ್ದಿತು. ಪೂರ್ತಿ ಅಲ್ಲ, ಮುಕ್ಕಾಲು ಭಾಗ. ನನಗೆ ಅಷ್ಟೇ ಸಾಕಾಗಿತ್ತು.

ಐದನೆಯದು ಬಡಿಯುವಾಗ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಇಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಅದು ನಿಯಮ. ಡ್ರಿಲ್ಲು, ಸುತ್ತಿಗೆ ಏನೂ ಇಲ್ಲ. ನಾನು ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆ ಅಂದುಕೊಂಡು ಹತ್ತಿದ್ದಾಳೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ನನ್ನನ್ನು ನೋಡಿ ಏನು ಕೇಳಬೇಕು ಅಂತ ಅವಳಿಗೂ ತಿಳಿಯಲಿಲ್ಲ. ಒಳಗೆ ಕರೆದು ರೊಟ್ಟಿ ಮೇಲೆ ಬೆಣ್ಣೆ ಸವರಿ ಕೊಟ್ಟೆ. ಶೇಂಗಾ ಹಿಂಡಿ ತುದಿ ಬೆರಳಿಗೆ ಹಚ್ಚಿಕೊಂಡು ನೋಡಿ, ಎರಡು ಲೋಟ ನೀರು ಕುಡಿದು, ಇನ್ನೊಂದು ರೊಟ್ಟಿ ಕೇಳಿದಳು. ಹೋಗುವಾಗ ಮಾತ್ರ ಮುಂದಿನ ಸಲ ಶನಿವಾರ ಮಾಡು ಅಂತ ಖಡಕ್ಕಾಗಿ ಹೇಳಿ ಹೋದಳು.

ಅವ್ವನಿಗೆ ಫೋಟೊ ಕಳಿಸಿದೆ. "ಅಂಚ ದಪ್ಪ ಆಗ್ಯಾವ" ಅಂತ ಒಂದೇ ಮಾತು. ಐದು ನಿಮಿಷದ ನಂತರ ನೋಡಿದರೆ ಆ ಫೋಟೊ ನಮ್ಮ ಬಳಗದ ಗುಂಪಿನಲ್ಲಿತ್ತು. ಕಳಿಸಿದವಳು ಅವಳೇ.

ಹಂಚಿನ_ಮುಂದೆ:
ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ತಮ್ಮಾ. ಅಂಚು ದಪ್ಪ ಆದದ್ದು ಎಡಗೈ ಬಿಗಿ ಹಿಡಿದದ್ದಕ್ಕೆ. ಸಡಿಲ ಬಿಡು. ಪರಾತದ ಕೆಳಗೆ ದಪ್ಪ ಟವೆಲ್ ಮಡಚಿ ಇಟ್ಟುಕೋ, ಸದ್ದು ಕಡಿಮೆಯಾಗುತ್ತೆ.

ಬೀದರ್_ಕೋಟೆ:
ಈ ಸಲ ಬೀದರ್ ಉಳಿಯಿತಾ?

ಇಂಡಿ_ಲಿಂಬು:
ಉಳಿಯಿತು ಸರ್. ಚಾಮರಾಜನಗರ ಸ್ವಲ್ಪ ಸೀದುಹೋಯಿತು.

ಬಾಡಿಗೆಮನೆ_ಬ್ಯಾಚುಲರ್:
ಏನ್ರೀ ಇದು!

ಮುದ್ದೆ_ಮಂಜ:
ಸುಮ್ನೆ ಹೇಳ್ತೀನಿ ಸಾರ್, ಮುದ್ದೆಗೆ ಸದ್ದೇ ಇಲ್ಲ. ಭಾನುವಾರವೂ ಮಾಡಬಹುದು.